ನಬಿಯಿಂದ ನಬಿಸಾಬನವರೆಗೆ

ಹಂಸಭಾವಿ, ಹಿರೇಕೆರೂರು, ಹಾನಗಲ್ಲು, ಶಿಗ್ಗಾವಿ, ಸವಣೂರು ಸೀಮೆಯ ಹಳ್ಳಿಗಳ ಮತದಾರರ ಪಟ್ಟಿ ತಿರುವಿದರೆ ಈ ಹೆಸರುಗಳು ಮತ್ತೆ ಮತ್ತೆ ಸಿಗುತ್ತವೆ: ನಬಿಸಾಬ, ರಸೂಲಸಾಬ, ಇಬ್ರಾಹಿಮಸಾಬ, ಇಸ್ಮಾಯಿಲಸಾಬ, ಖಾದರಸಾಬ, ಮೌಲಾಸಾಬ, ಮಾಬುಸಾಬ, ಮೋದಿನಸಾಬ. ಇವುಗಳಲ್ಲಿ ಕೆಲವು ದೇವರ ಗುಣನಾಮಗಳಿಂದ ಬಂದವು, ಕೆಲವು ಸೂಫಿ ಸಂತರಿಂದ, ಕೆಲವು ಪೈಗಂಬರರಿಂದ. ಈ ಮೂರನೆಯ ಗುಂಪಿನ ಬೆನ್ನು ಹತ್ತುವುದು ಇಲ್ಲಿಯ ಉದ್ದೇಶ.

ಹೆಸರು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವಾಗ ಮೊದಲು ಕಳೆದುಕೊಳ್ಳುವುದು ಅರ್ಥವನ್ನು. ಧ್ವನಿ ಮಾತ್ರ ಮುಂದಕ್ಕೆ ಸಾಗುತ್ತದೆ. ಆ ಧ್ವನಿಯ ಮೇಲೆ ಹಾದಿಯಲ್ಲಿ ಸಿಕ್ಕ ಪ್ರತಿ ಭಾಷೆಯೂ ತನ್ನ ಗುರುತು ಹಾಕಿ ಕಳಿಸುತ್ತದೆ. ಹಂಸಭಾವಿ ಎಂಬ ಊರ ಹೆಸರನ್ನೇ ನೋಡಿ. ಸಂಸ್ಕೃತದ ‘ವಾಪಿ’ ಕನ್ನಡದ ಬಾಯಲ್ಲಿ ‘ಬಾವಿ’ಯಾಯಿತು, ಬರೆಯುವಾಗ ಮಹಾಪ್ರಾಣ ಸೇರಿ ‘ಹಂಸಭಾವಿ’ಯಾಯಿತು, ಇಂಗ್ಲಿಷ್ ಕಾಗದಪತ್ರದಲ್ಲಿ ‘ಹೌನ್ಸ್‌ಭಾವಿ’ಯಾಗಿ ಕೂತಿತು. ಒಂದು ಊರಿನ ಹೆಸರಿಗೇ ಇಷ್ಟಾಗಿದ್ದರೆ, ಎರಡು ಮೂರು ಸಾವಿರ ವರ್ಷ ನಡೆದು ಬಂದ ಹೆಸರುಗಳಿಗೆ ಏನೇನಾಗಿರಬೇಡ? ಆ ಗುರುತುಗಳನ್ನು ಓದುತ್ತ ಹೋದರೆ ಹೀಬ್ರೂ, ಸಿರಿಯಾಕ್, ಗ್ರೀಕ್, ಅರಬ್ಬಿ, ಫಾರಸಿ ದಾಟಿ ಕೊನೆಗೆ ನಮ್ಮ ಓಣಿಯ ಕನ್ನಡಕ್ಕೆ ಬರುತ್ತೇವೆ. ಕನ್ನಡ ಹಾಕಿದ ಗುರುತೂ ಸಣ್ಣದಲ್ಲ.

ಮೊದಲು ನಬಿಸಾಬ. ಅರಬ್ಬಿಯಲ್ಲಿ ‘ನಬಅ್’ ಎಂದರೆ ಸುದ್ದಿ; ಖುರಾನಿನ 78ನೆಯ ಅಧ್ಯಾಯದ ಹೆಸರು ‘ಅನ್ನಬಅ್’. ದೇವರ ಸುದ್ದಿ ತಂದವರು ನಬಿ. ಆದರೆ ಈ ಪದದ ಬೇರು ಅರಬ್ಬಿಯೊಂದರಲ್ಲೇ ಇಲ್ಲ. ಹೀಬ್ರೂವಿನಲ್ಲಿ ‘ನಾವೀ’ ಇದೆ. ಇನ್ನೂ ಹಿಂದಕ್ಕೆ, ಮೆಸೊಪೊಟೇಮಿಯಾದ ಅಕ್ಕಾಡಿಯನ್ನಿನಲ್ಲಿ ‘ನಬೂ’ ಎಂದರೆ ಕರೆಯುವುದು, ಹೆಸರಿಡುವುದು, ಸಾರುವುದು. ಬ್ಯಾಬಿಲೋನಿನವರ ಬರಹದ ದೇವತೆಯ ಹೆಸರೂ ನಬೂ. ಆ ದೇವತೆಯ ಹೆಸರನ್ನು ತನ್ನ ಹೆಸರಲ್ಲಿ ಹೊತ್ತ ಅರಸನೊಬ್ಬ ಕನ್ನಡ ಬೈಬಲಿನಲ್ಲಿ ನೆಬೂಕದ್ನೆಚ್ಚರನಾಗಿ ಬರುತ್ತಾನೆ. ನಬಿಸಾಬನ ‘ನಬಿ’ಗೂ ನೆಬೂಕದ್ನೆಚ್ಚರನ ‘ನೆಬೂ’ಗೂ ಧಾತು ಒಂದೇ.

‘ಸಾಬ’ ಎನ್ನುವುದು ಅರಬ್ಬಿಯ ‘ಸಾಹಿಬ್’. ಮೂಲದಲ್ಲಿ ಜೊತೆಗಾರ ಎಂದರ್ಥ. ಪೈಗಂಬರರ ಒಡನಾಡಿಗಳನ್ನು ‘ಸಹಾಬಾ’ ಎನ್ನುವುದು ಇದೇ ಧಾತುವಿನಿಂದ. ಜೊತೆಗಾರ ಬರಬರುತ್ತ ಒಡೆಯನಾದ, ಯಜಮಾನನಾದ. ಕನ್ನಡಕ್ಕೆ ಬಂದ ಮೇಲೆ ಪದ ಎರಡಾಗಿ ಸೀಳಿತು. ಕಚೇರಿಯಲ್ಲಿ ಕೂತವರು ‘ಸಾಹೇಬರು’, ಓಣಿಯಲ್ಲಿದ್ದವನು ‘ಸಾಬ’. ಮೊದಲನೆಯದರಲ್ಲಿರುವ ಮರ್ಯಾದೆ ಇಡೀ ಸಮುದಾಯವನ್ನು ‘ಸಾಬರು’ ಎನ್ನುವಾಗ ಉಳಿಯುವುದಿಲ್ಲ; ‘ಸಾಬಿ’ ಎಂದರಂತೂ ಬೈಗುಳವೇ. ಆದರೆ ವ್ಯಕ್ತಿಯ ಹೆಸರಿಗೆ ಅಂಟಿಕೊಂಡಾಗ ಅದಕ್ಕೆ ಆ ಕಹಿ ಇಲ್ಲ. ಬಸಪ್ಪನ ‘ಅಪ್ಪ’, ಈರಣ್ಣನ ‘ಅಣ್ಣ’ ಮಾಡುವ ಕೆಲಸವನ್ನೇ ನಬಿಸಾಬನ ‘ಸಾಬ’ ಮಾಡುತ್ತದೆ.

ರಸೂಲಸಾಬನ ‘ರಸೂಲ’ ಬೇರೆ ಪದ. ಕಳಿಸು ಎಂಬ ಧಾತುವಿನಿಂದ ಹುಟ್ಟಿದ್ದು. ದೇವರು ಕಳಿಸಿದ ದೂತ ಎಂದರ್ಥ. ಈ ಧಾತು ಕನ್ನಡ ನಾಡಿನಲ್ಲಿ ಮಸೀದಿಯಿಂದಾಚೆಗೂ ಬದುಕಿದೆ. ಕಂದಾಯ ವಸೂಲು ಮಾಡಿ ಖಜಾನೆಗೆ ಕಟ್ಟುವುದನ್ನು ಶಾನುಭೋಗರು, ಕುಲಕರ್ಣಿಗಳು ‘ಇರಸಾಲು’ ಎನ್ನುತ್ತಿದ್ದರು. ಅದು ಅರಬ್ಬಿಯ ‘ಇರ್ಸಾಲ್’, ಕಳಿಸುವಿಕೆ. ಕುದುರೆ ದಂಡಿನ ‘ರಿಸಾಲೆ’, ಅದರ ಮುಖ್ಯಸ್ಥ ‘ರಿಸಾಲದಾರ’ ಎರಡೂ ಅದೇ ಬಳ್ಳಿಯವು. ದೇವದೂತನ ಪದವಿ, ಖಜಾನೆಯ ಹಣ, ದಂಡಿನ ಸವಾರ ಎಲ್ಲಕ್ಕೂ ಮೂಲ ಕ್ರಿಯೆ ‘ಕಳಿಸು’.

ಇನ್ನು ಕನ್ನಡಿಗರೆಲ್ಲ ಬಳಸುವ ‘ಪೈಗಂಬರ’. ಇದು ಅರಬ್ಬಿಯಲ್ಲ, ಫಾರಸಿ. ‘ಪೈಗಾಮ್’ ಎಂದರೆ ಸಂದೇಶ, ‘ಬರ್’ ಎಂದರೆ ಹೊರುವವನು. ಫಾರಸಿ ಸಂಸ್ಕೃತದ ನೆಂಟ ಭಾಷೆಯಾದ್ದರಿಂದ ಪದವನ್ನು ಬಿಡಿಸಿದರೆ ಒಳಗೆ ಪರಿಚಯದ ಮುಖಗಳೇ ಕಾಣುತ್ತವೆ. ಪೈಗಾಮಿನ ಹಳೆಯ ಇರಾನಿ ರೂಪ ‘ಪತಿಗಾಮ’. ಸಂಸ್ಕೃತದ ‘ಪ್ರತಿ’ ಮತ್ತು ‘ಗಮ್’ ಧಾತುವಿಗೆ ಸರಿಸಮ. ‘ಬರ್’ ಎನ್ನುವುದು ನಮ್ಮ ಭಾರ, ಭರಣಗಳ ‘ಭೃ’ ಧಾತುವಿನ ತಮ್ಮ. ಅರಬಸ್ತಾನದ ಮತದ ಅತಿ ಮುಖ್ಯ ಪದವೊಂದನ್ನು ನಾವು ಸಂಸ್ಕೃತದ ದಾಯಾದಿ ಪದದಿಂದ ಕರೆಯುತ್ತಿದ್ದೇವೆ. ಹಳೆಯ ಇರಾನಿನ ಆ ‘ಪತಿಗಾಮ’ ಹೀಬ್ರೂವಿಗೂ ಹೋಗಿ ‘ಪಿತ್ಗಾಮ್’ ಆಗಿ ನಿಂತಿದೆ. ಮಂಗಳೂರಿನ ಶಾಂತಿ ಪ್ರಕಾಶನದಂಥ ಕರಾವಳಿಯ ಪ್ರಕಾಶಕರು ಹೊರತರುವ ಪುಸ್ತಕಗಳಲ್ಲಿ ‘ಪ್ರವಾದಿ’ ಹೆಚ್ಚು ಬಳಕೆಯಲ್ಲಿದೆ. ಕನ್ನಡ ಬೈಬಲಿನ ಪದವೂ ಅದೇ. ಬಯಲುಸೀಮೆಯ ಬಾಯಿಮಾತಿನಲ್ಲಿ ಪೈಗಂಬರನೇ ಗಟ್ಟಿ.

ಖುರಾನಿನಲ್ಲಿ ಹೆಸರಿನಿಂದ ಕಾಣಿಸಿಕೊಳ್ಳುವ ಪೈಗಂಬರರು 25 ಎಂಬುದು ಸಾಮಾನ್ಯ ಎಣಿಕೆ. ಆದಮ್, ಇದ್ರೀಸ್, ನೂಹ್, ಹೂದ್, ಸಾಲಿಹ್, ಇಬ್ರಾಹೀಮ್, ಲೂತ್, ಇಸ್ಮಾಯೀಲ್, ಇಸ್‌ಹಾಕ್, ಯಾಕೂಬ್, ಯೂಸುಫ್, ಅಯ್ಯೂಬ್, ಶುಐಬ್, ಮೂಸಾ, ಹಾರೂನ್, ಜುಲ್‌ಕಿಫ್ಲ್, ದಾವೂದ್, ಸುಲೈಮಾನ್, ಇಲ್ಯಾಸ್, ಅಲ್‌ಯಸಾ, ಯೂನುಸ್, ಜಕರಿಯಾ, ಯಹ್ಯಾ, ಈಸಾ, ಮುಹಮ್ಮದ್. ಅತಿ ಹೆಚ್ಚು ಸಲ, ಸುಮಾರು 136 ಬಾರಿ, ಬರುವ ಹೆಸರು ಮೂಸಾ. ಮುಹಮ್ಮದ್ ಎಂಬ ಹೆಸರು ಬರುವುದು ನಾಲ್ಕೇ ಸಲ.

ಇವೆಲ್ಲ ಅರಬ್ಬಿ ಹೆಸರುಗಳು ಎಂದೇ ನಮ್ಮ ಕಡೆ ನಂಬಿಕೆ. ಅರಬ್ಬಿಯ ಪಂಡಿತರು ಹಾಗೆ ನಂಬಿರಲಿಲ್ಲ. ಇಲ್ಲಿ ಕಲ್ಯಾಣದಲ್ಲಿ ವಚನಗಳು ಹುಟ್ಟಿದ 12ನೆಯ ಶತಮಾನದಲ್ಲೇ ಬಾಗ್ದಾದಿನಲ್ಲಿ ಅಲ್ ಜವಾಲೀಕಿ ಎಂಬ ವಿದ್ವಾಂಸ ಅರಬ್ಬಿಗೆ ಬಂದು ಸೇರಿದ ಹೊರಪದಗಳ ಕೋಶ ಬರೆದ. ಅವನ ಮಾತು ನೇರ: ಪೈಗಂಬರರ ಹೆಸರುಗಳೆಲ್ಲ ಹೊರಗಿನವು, ಆದಮ್, ಸಾಲಿಹ್, ಶುಐಬ್, ಮುಹಮ್ಮದ್ ಈ ನಾಲ್ಕು ಬಿಟ್ಟು. ಅವನ ಹೆಸರೂ ಸ್ವಾರಸ್ಯದ್ದು. ‘ಜವಾಲೀಕ್’ ಎಂದರೆ ಗೋಣಿಚೀಲಗಳು. ಆ ಪದ ಅರಬ್ಬಿಗೆ ಬಂದದ್ದೇ ಫಾರಸಿಯಿಂದ. ಎರವಲು ಪದಗಳ ಲೆಕ್ಕ ಇಟ್ಟವನ ಅಡ್ಡಹೆಸರೂ ಎರವಲು.

ಈ ಪಂಡಿತರಿಗೆ ಹೊರಗಿನ ಹೆಸರು ಗೊತ್ತಾಗುತ್ತಿದ್ದದ್ದು ಹೇಗೆ? ವಿಭಕ್ತಿಯಿಂದ. ಅರಬ್ಬಿಯಲ್ಲಿ ಒಳಗಿನ ಹೆಸರಿಗೆ ಸಾಮಾನ್ಯವಾಗಿ ಮೂರು ವಿಭಕ್ತಿ ರೂಪ, ಕೊನೆಗೊಂದು ನಕಾರದ ಒತ್ತು: ಮುಹಮ್ಮದುನ್, ಮುಹಮ್ಮದನ್, ಮುಹಮ್ಮದಿನ್. ಹೊರಗಿನ ಹೆಸರಿಗೆ ಆ ನಕಾರವೂ ಇಲ್ಲ, ಮೂರನೆಯ ರೂಪವೂ ಇಲ್ಲ: ಇಬ್ರಾಹೀಮು, ಇಬ್ರಾಹೀಮ, ಅಷ್ಟಕ್ಕೇ ಮುಗಿಯಿತು. ಪೂರ್ತಿ ವಿಭಕ್ತಿ ಸಿಗುವ ಆರು ಹೆಸರುಗಳನ್ನು ನೆನಪಿಡಲು ಮದರಸಾದ ವಿದ್ಯಾರ್ಥಿಗಳಿಗೆ ಒಂದು ಸೂತ್ರವಿದೆ: ‘ಸುನ್ ಶಮ್ಲಹ್’. ಸಕಾರಕ್ಕೆ ಸಾಲಿಹ್, ನಕಾರಕ್ಕೆ ನೂಹ್, ಶಕಾರಕ್ಕೆ ಶುಐಬ್, ಮಕಾರಕ್ಕೆ ಮುಹಮ್ಮದ್, ಲಕಾರಕ್ಕೆ ಲೂತ್, ಹಕಾರಕ್ಕೆ ಹೂದ್. ಇದರಲ್ಲಿ ನೂಹ್, ಲೂತ್, ಹೂದ್ ಜವಾಲೀಕಿಯ ಲೆಕ್ಕದಲ್ಲಿ ಹೊರಗಿನವಾದರೂ ಮೂರೇ ಅಕ್ಷರದ ಚಿಕ್ಕ ಹೆಸರುಗಳೆಂದು ರಿಯಾಯಿತಿ ಪಡೆದವು.

ಈ ವ್ಯಾಕರಣ ಎಷ್ಟು ಹರಿತವಾಗಿತ್ತೆಂಬುದಕ್ಕೆ ಇದ್ರೀಸ್ ಒಳ್ಳೆಯ ಸಾಕ್ಷಿ. ‘ದರ್ಸ್’ ಎಂದರೆ ಪಾಠ. ಮದರಸಾ ಎಂಬ ಪದ ಅದರಿಂದಲೇ ಬಂದದ್ದು. ಬಹಳ ಓದಿದವರಾದ್ದರಿಂದ ಇದ್ರೀಸ್ ಎಂದು ಹೆಸರಾಯಿತು ಎಂಬ ವಿವರಣೆ ಕೇಳಲು ಚೆಂದ. ಖ್ವಾರಜ್ಮಿನ ಜಮಖ್ಶರಿ, ಇವನೂ 12ನೆಯ ಶತಮಾನದ ಮೊದಲರ್ಧದವನು, ಅದನ್ನು ಒಪ್ಪಲಿಲ್ಲ. ಹೆಸರು ಅರಬ್ಬಿ ಧಾತುವಿನಿಂದ ಬಂದಿದ್ದರೆ ಪೂರ್ತಿ ವಿಭಕ್ತಿ ಹಚ್ಚಿಕೊಳ್ಳಬೇಕಿತ್ತು. ಹಚ್ಚಿಕೊಂಡಿಲ್ಲ, ಆದ್ದರಿಂದ ಹೊರಗಿನದು ಎಂದು ತೀರ್ಪು ಕೊಟ್ಟ. ಶ್ರದ್ಧೆಗೆ ಒಪ್ಪುವ ಅರ್ಥ ಕೈಗೆ ಸಿಕ್ಕರೂ ವ್ಯಾಕರಣಕ್ಕೆ ಒಪ್ಪದಿದ್ದರೆ ಬಿಡಬೇಕು ಎಂಬ ಈ ಶಿಸ್ತು ಪದಜಿಜ್ಞಾಸೆಗೆ ಇಳಿಯುವ ಯಾರಿಗೂ ಬೇಕು.

ಈಗ ಅರ್ಥಗಳಿಗೆ ಬರೋಣ. ಇಸ್ಮಾಯಿಲ್ ಹೀಬ್ರೂವಿನಲ್ಲಿ ‘ಯಿಶ್ಮಾಏಲ್’: ದೇವರು ಕೇಳುತ್ತಾನೆ. ಮನೆ ಬಿಟ್ಟು ಅಡವಿಗೆ ಓಡಿದ ಬಸುರಿ ಹಾಗರಳ ಗೋಳು ದೇವರಿಗೆ ಕೇಳಿಸಿತು, ಅದಕ್ಕೇ ಮಗನಿಗೆ ಈ ಹೆಸರು ಎನ್ನುತ್ತದೆ ಬೈಬಲಿನ ಆದಿಕಾಂಡ. ಕೊನೆಯ ‘ಏಲ್’ ಎಂದರೆ ದೇವರು. ಜಿಬ್ರಾಯಿಲ್, ಮಿಕಾಯಿಲ್, ಇಸ್ರಾಯಿಲ್ ಇವುಗಳ ಬಾಲದಲ್ಲಿರುವುದೂ ಅದೇ. ಯಾಕೂಬ್ ‘ಹಿಮ್ಮಡಿ’ಯಿಂದ ಬಂದ ಹೆಸರು, ಅವಳಿಯಲ್ಲಿ ಎರಡನೆಯವನಾಗಿ, ಅಣ್ಣನ ಹಿಮ್ಮಡಿ ಹಿಡಿದೇ ಹುಟ್ಟಿದ ಎಂದು ಕಥೆ. ಯೂಸುಫ್ ಎಂದರೆ ‘ಅವನು ಇನ್ನೂ ಕೂಡಿಸಲಿ’. ಒಬ್ಬ ಮಗನನ್ನು ಹೆತ್ತ ತಾಯಿ ಇನ್ನೊಬ್ಬನನ್ನು ಬೇಡಿದ ಮಾತು. ಜಕರಿಯಾ ಎಂದರೆ ‘ದೇವರು ನೆನೆದ’. ಇದರ ಧಾತುವಿನ ಅರಬ್ಬಿ ತಂಗಿ ‘ಜಿಕ್ರ್’, ದರ್ಗಾಗಳಲ್ಲಿ ಕೂಡಿ ಕೂತು ಮಾಡುವ ನಾಮಸ್ಮರಣೆ. ದಾವೂದ್ ಎಂದರೆ ಪ್ರೀತಿಯವನು. ಸುಲೇಮಾನ್ ಶಾಂತಿಯವನು, ನಾವು ದಿನಾ ಹೇಳುವ ‘ಸಲಾಮ್’ ಇದರ ಬಳಗ. ಆದಮ್ ಹೀಬ್ರೂವಿನ ‘ಅದಾಮಾ’ದ ಜೊತೆಯವನು: ಮಣ್ಣು. ಮಣ್ಣಿನ ಮನುಷ್ಯನಿಂದ ಹಿಂದೂಸ್ತಾನಿಯ ‘ಆದ್ಮಿ’ ಹುಟ್ಟಿದ. ನಮ್ಮ ದಖ್ಖನಿ ಮನೆಗಳಲ್ಲಿ ಗಂಡಸಿಗೆಲ್ಲ ಅದೇ ಪದ.

ಇಸ್‌ಹಾಕನ ಹೆಸರಲ್ಲಿ ಅರ್ಥ ಕಳಚಿದ ಬಗೆ ಕಣ್ಣಿಗೆ ಕಟ್ಟುತ್ತದೆ. ಹೀಬ್ರೂವಿನ ‘ಯಿತ್ಸ್‌ಹಾಕ್’ ಎಂದರೆ ‘ನಗುತ್ತಾನೆ’. ಮುಪ್ಪಿನಲ್ಲಿ ಮಗು ಹುಟ್ಟುತ್ತದೆಂಬ ಸುದ್ದಿಗೆ ತಾಯಿ ಸಾರಾ ನಕ್ಕಳು. ಖುರಾನಿನ 11ನೆಯ ಅಧ್ಯಾಯದಲ್ಲೂ ಇಬ್ರಾಹೀಮರ ಹೆಂಡತಿ ನಗುತ್ತಾಳೆ, ಆಕೆಗೆ ಇಸ್‌ಹಾಕನ ಸುವಾರ್ತೆ ಸಿಗುತ್ತದೆ. ಆದರೆ ಅರಬ್ಬಿಯಲ್ಲಿ ನಗುವಿಗೆ ಬೇರೆಯೇ ರೂಪದ ಕ್ರಿಯಾಪದ. ‘ಇಸ್‌ಹಾಕ್’ ಎಂಬ ಧ್ವನಿಯಲ್ಲಿ ಅರಬ್ಬಿ ಕಿವಿಗೆ ನಗು ಕೇಳಿಸುವುದಿಲ್ಲ. ಕಥೆ ಉಳಿಯಿತು, ಹೆಸರು ಉಳಿಯಿತು, ಎರಡನ್ನೂ ಕಟ್ಟಿದ್ದ ಶ್ಲೇಷೆ ಹಾದಿಯಲ್ಲೇ ಬಿದ್ದುಹೋಯಿತು.

ಅರ್ಥಕ್ಕಿಂತ ಹೆಚ್ಚು ದೂರ ನಡೆದದ್ದು ಒಂದು ಗಂಟಲ ಧ್ವನಿ: ‘ಅಯಿನ್’. ಕನ್ನಡದಲ್ಲಿ ಇದಕ್ಕೆ ಅಕ್ಷರವಿಲ್ಲ, ಬಾಯಿಯೂ ಇಲ್ಲ. ಇಸ್ಮಾಯಿಲನಲ್ಲಿ ‘ಕೇಳು’ ಎಂಬ ಅರ್ಥ ನಿಂತಿದ್ದೇ ಈ ಅಯಿನ್ ಮೇಲೆ, ಯಾಕೂಬನಲ್ಲಿ ಹಿಮ್ಮಡಿ ಶುರುವಾಗುವುದೂ ಅದರಿಂದಲೇ. ಫಾರಸಿ, ಉರ್ದು ಬಾಯಲ್ಲಿ ಅದು ಕರಗಿತು. ‘ಯಅ್‌ಕೂಬ್’ ಎಂಬಲ್ಲಿ ಕರಗಿ ದೀರ್ಘವಾಗಿ ‘ಯಾಕೂಬ್’ ಆಯಿತು. ‘ಇಸ್ಮಾ’ ‘ಈಲ್’ ಎಂಬಲ್ಲಿ ಅದು ಬಿಟ್ಟ ತೆರವಿನಲ್ಲಿ ಎರಡು ಸ್ವರಗಳು ಮುಖಾಮುಖಿಯಾದವು. ಸ್ವರದ ಮುಂದೆ ಸ್ವರ ಬಂದರೆ ಕನ್ನಡ ಏನು ಮಾಡುತ್ತದೆಂಬುದು ಶಾಲೆಯ ಮಕ್ಕಳಿಗೂ ಗೊತ್ತು: ಆಗಮ ಸಂಧಿ. ‘ಕೆರೆ’ಗೆ ‘ಅನ್ನು’ ಸೇರಿ ಕೆರೆಯನ್ನು ಆಗುವ ಹಾಗೆ, ಕನ್ನಡ ಬರಹದಲ್ಲಿ ‘ಇಸ್ಮಾ’ಕ್ಕೆ ‘ಇಲ’ ಸೇರಿ ‘ಇಸ್ಮಾಯಿಲ’. ಅರಬ್ಬಿಯ ಅಯಿನ್ ಇದ್ದ ಜಾಗದಲ್ಲಿ ಈಗ ಕೂತಿರುವುದು ಯಕಾರ. ಮೈಸೂರಿನ ದಿವಾನರಾಗಿದ್ದ (1926–1941) ಸರ್ ಮಿರ್ಜಾ ಇಸ್ಮಾಯಿಲ್ ಅವರ ಹೆಸರನ್ನು ಕನ್ನಡದಲ್ಲಿ ಬರೆದವರೆಲ್ಲ ತಿಳಿದೋ ತಿಳಿಯದೆಯೋ ಈ ಯಕಾರ ಹಾಕಿದ್ದಾರೆ.

ಇನ್ನೊಂದು ಗುರುತು ಗ್ರೀಕರದ್ದು. ಇಲಿಯಾಸನ ಮೂಲ ಹೀಬ್ರೂವಿನ ‘ಎಲಿಯಾಹೂ’, ಯೂನುಸನ ಮೂಲ ‘ಯೋನಾ’, ಅಂದರೆ ಪಾರಿವಾಳ. ಎರಡರಲ್ಲೂ ಸಕಾರವಿಲ್ಲ. ಗ್ರೀಕಿನಲ್ಲಿ ಗಂಡು ಹೆಸರಿನ ಪ್ರಥಮಾ ವಿಭಕ್ತಿಗೆ ಸಕಾರ ಬೇಕು. ‘ಎಲಿಯಾಸ್’, ‘ಯೋನಾಸ್’ ಎಂದು ಅಲ್ಲಿ ಹಚ್ಚಿಕೊಂಡದ್ದನ್ನು ಸಿರಿಯಾಕ್ ಕ್ರೈಸ್ತರ ಮೂಲಕ ಅರಬ್ಬಿ ಉಳಿಸಿಕೊಂಡಿತು. ಕನ್ನಡದಲ್ಲಿ ಇದರ ಫಲಿತಾಂಶ ಮೋಜಿನದು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡದಲ್ಲಿ ಮುಗಿಸಿದ್ದರು. ಇಂದಿನ ಕನ್ನಡ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಈ ಇಬ್ಬರು ‘ಎಲೀಯ’, ‘ಯೋನ’. ಗ್ರೀಕಿನ ಸಕಾರ ಕ್ರೈಸ್ತರ ಕನ್ನಡದಲ್ಲಿಲ್ಲ, ಮುಸಲ್ಮಾನರ ಓಣಿಯಲ್ಲಿದೆ. ಹೀಗೆ ಕನ್ನಡಕ್ಕೆ ಜೋಡಿ ಜೋಡಿ ಹೆಸರುಗಳು ಸಿಕ್ಕವು: ಅಬ್ರಹಾಮ–ಇಬ್ರಾಹಿಮ, ಯೋಸೇಫ–ಯೂಸುಫ, ಮೋಶೆ–ಮೂಸಾ, ದಾವೀದ–ದಾವೂದ, ಯೋಬ–ಅಯ್ಯೂಬ, ನೋಹ–ನೂಹ. ಅಬ್ರಹಾಮ ಬೇರೆ, ಇಬ್ರಾಹಿಮ ಬೇರೆ ಎಂದು ತಿಳಿದವರಿಗೆ ಒಂದು ಸಣ್ಣ ಮಾಹಿತಿ: ಖುರಾನ್ ಪಠಣದ ಮಾನ್ಯ ಪರಂಪರೆಗಳಲ್ಲೇ ಒಂದು, ಡಮಾಸ್ಕಸ್ಸಿನ ಇಬ್ನ್ ಆಮಿರ್ ಅವರದು, ಕೆಲವು ಕಡೆ ‘ಇಬ್ರಾಹಾಮ್’ ಎಂದೇ ಓದುತ್ತದೆ.

ಯಹ್ಯಾ ಹೆಸರಿನ ಬಳಗ ಇನ್ನೂ ದೊಡ್ಡದು. ‘ದೇವರು ಕೃಪೆ ತೋರಿದ’ ಎಂಬ ಹೀಬ್ರೂ ‘ಯೋಹಾನಾನ್’ ಕನ್ನಡದಲ್ಲಿ ಯೋಹಾನ, ಇಂಗ್ಲಿಷಿನಲ್ಲಿ ಜಾನ್, ಕೊಂಕಣಿ ಕ್ರೈಸ್ತರಲ್ಲಿ ಜುವಾಂವ್. ಅದೇ ವ್ಯಕ್ತಿ ಅರಬ್ಬಿಯಲ್ಲಿ ಯಹ್ಯಾ ಆದಾಗ ಹೊಸ ಅರ್ಥವೇ ಬಂತು: ‘ಬದುಕುತ್ತಾನೆ’. ಈ ಹೆಸರಿನವರು ಹಿಂದೆ ಯಾರೂ ಇರಲಿಲ್ಲ ಎಂದು ಖುರಾನಿನ 19ನೆಯ ಅಧ್ಯಾಯ ಹೇಳುತ್ತದೆ. ಈಸಾ ಹೆಸರು ಪಂಡಿತರಿಗೆ ಇಂದಿಗೂ ಒಗಟು. ಮೂಲದ ‘ಯೇಶೂಅ’, ಅಂದರೆ ರಕ್ಷಣೆ, ಅಯಿನ್‌ನಿಂದ ಮುಗಿಯುತ್ತದೆ. ಅರಬ್ಬಿಯ ಈಸಾ ಅಯಿನ್‌ನಿಂದ ಶುರುವಾಗುತ್ತದೆ.

ಇಲ್ಲಿ ಎರಡು ಕಡೆ ಕಾಲು ಜಾರುವ ಭಯವಿದೆ. ‘ಈಸಾ’ ಕೇಳಿದ ಕನ್ನಡ ಕಿವಿಗೆ ಥಟ್ಟನೆ ‘ಈಶ’ ಹೊಳೆಯುತ್ತದೆ. ‘ಹವ್ವಾ’ ಎಂದರೆ ಆದಮರ ಹೆಂಡತಿ, ಮನುಕುಲದ ತಾಯಿ. ಉತ್ತರ ಕರ್ನಾಟಕದ ‘ಅವ್ವ’ನಿಗೂ ಅವಳಿಗೂ ಒಂದು ಹಕಾರದ ಅಂತರ. ಎರಡೂ ಬರೀ ಆಕಸ್ಮಿಕ. ಈಶ ಬಂದದ್ದು ಆಳು, ಒಡೆತನ ನಡೆಸು ಎಂಬ ಸಂಸ್ಕೃತ ಧಾತುವಿನಿಂದ. ಅವ್ವ ದ್ರಾವಿಡ ಮನೆಯವಳು. ಹವ್ವಾಳ ಹೀಬ್ರೂ ಹೆಸರಿನಲ್ಲಿರುವುದು ಜೀವ ಎಂಬ ಅರ್ಥ. ಉಚ್ಚಾರ ಹತ್ತಿರ ಬಂದ ಮಾತ್ರಕ್ಕೆ ನಂಟು ಕಟ್ಟಿದರೆ ಪದಜಿಜ್ಞಾಸೆ ಹರಟೆಯಾಗುತ್ತದೆ. ನಿಜವಾದ ನಂಟು ಹಲವು ಸಲ ಎದ್ದು ಕಾಣುವುದೇ ಇಲ್ಲ. ಮೂಸಾ ಹೆಸರಿನದನ್ನು ನೋಡಿ. ನೀರಿನಿಂದ ಎತ್ತಿದ್ದರಿಂದ ಆ ಹೆಸರು ಎಂದು ಬೈಬಲು ಹೇಳಿದರೂ, ಈಜಿಪ್ಟಿನ ಪ್ರಾಚೀನ ಭಾಷೆಯಲ್ಲಿ ‘ಮಗು, ಹುಟ್ಟಿದವನು’ ಎಂಬ ಪದವೇ ಅದರ ಮೂಲವೆಂದು ಬಹಳ ವಿದ್ವಾಂಸರ ಅಭಿಪ್ರಾಯ. ಥುತ್ಮೋಸ್ ಎಂಬ ಫೇರೋನ ಹೆಸರಿನ ಕೊನೆಯಲ್ಲಿರುವ ತುಣುಕು ಅದೇ. ಆಫ್ರಿಕಾದ ಪೂರ್ವ ಕರಾವಳಿಯ ಒಂದು ದ್ವೀಪಕ್ಕೆ ಅಲ್ಲಿಯ ಅರಬ್ ಮುಖ್ಯಸ್ಥ ಮೂಸಾ ಬಿನ್ ಬಿಕ್‌ನಿಂದ ಮೊಜಾಂಬಿಕ್ ಎಂದು ಹೆಸರಾಯಿತೆಂಬುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಆ ಮೊಜಾಂಬಿಕ್‌ನ ಹೆಸರು ಹೊತ್ತ ಹಣ್ಣು ನಮ್ಮ ಮೋಸಂಬಿ. ಆಸ್ಪತ್ರೆಗೆ ನೋಡಲು ಹೋಗುವವರು ಕೈಚೀಲದಲ್ಲಿ ಒಯ್ಯುವ ಹಣ್ಣಿನೊಳಗೆ ಮೂಸಾ ಹೆಸರಿದೆ.

ಇನ್ನು ಮುಹಮ್ಮದ್, ಅಪ್ಪಟ ಅರಬ್ಬಿ ಹೆಸರು. ಹಕಾರ, ಮಕಾರ, ದಕಾರ ಈ ಮೂರು ವ್ಯಂಜನಗಳ ಧಾತುವಿಗೆ ‘ಹೊಗಳು’ ಎಂದರ್ಥ. ನಡುವಿನ ಮಕಾರ ಇಮ್ಮಡಿಯಾದಾಗ ಕ್ರಿಯೆಗೆ ಒತ್ತು ಬರುತ್ತದೆ. ಮುಹಮ್ಮದ್ ಎಂದರೆ ಮತ್ತೆ ಮತ್ತೆ, ಹೆಚ್ಚು ಹೆಚ್ಚು ಹೊಗಳಿಸಿಕೊಂಡವರು. ಅಹ್ಮದ್, ಮಹಮೂದ್, ಹಮೀದ್, ಹಾಮಿದ್ ಎಲ್ಲ ಅದೇ ಮೂರು ವ್ಯಂಜನಗಳ ಬೇರೆ ಬೇರೆ ಎರಕ. ಅಹ್ಮದ್ ಎಂಬ ರೂಪ ಖುರಾನಿನಲ್ಲಿ ಒಂದೇ ಸಲ, 61ನೆಯ ಅಧ್ಯಾಯದಲ್ಲಿ, ಈಸಾ ಅವರ ಬಾಯಿಂದ ಬರುತ್ತದೆ. ಅರಬ್ಬಿಯಲ್ಲಿ ಇಮ್ಮಡಿ ಮಕಾರಕ್ಕೆ ಇಷ್ಟು ಬೆಲೆಯಿದ್ದರೂ ಕನ್ನಡದ ಪುಸ್ತಕಗಳ ಮುಖಪುಟದಲ್ಲಿ ಅದು ಒಂದೊಂದು ಕಡೆ ಒಂದೊಂದು ಥರ: ಬೊಳುವಾರು ಮಹಮದ್ ಕುಂಞಿ ಅವರಲ್ಲಿ ಒಂಟಿ ಮಕಾರ, ಫಕೀರ್ ಮುಹಮ್ಮದ್ ಕಟ್ಪಾಡಿ ಅವರಲ್ಲಿ ಜೋಡಿ ಮಕಾರ, ನಿಸಾರ್ ಅಹಮದ್ ಅವರ ಹಕಾರಕ್ಕೆ ಕನ್ನಡದ ಅಕಾರ.

ಈ ಹೆಸರುಗಳು ಹಾವೇರಿ ಸೀಮೆಗೆ ಬಂದ ದಾರಿಗಳು ಒಂದೆರಡಲ್ಲ. ಒಂದು ಅರಸೊತ್ತಿಗೆ. ಬಿಜಾಪುರದ ಆದಿಲಶಾಹಿಯ ವಂಶಾವಳಿಯನ್ನು ಓದಿದರೆ ಪೈಗಂಬರರ ಹೆಸರಿನ ಪಟ್ಟಿ ಓದಿದಂತಾಗುತ್ತದೆ: 1490ರಲ್ಲಿ ರಾಜ್ಯ ಕಟ್ಟಿದ ಯೂಸುಫ್, ಅವನ ಮಗ ಇಸ್ಮಾಯಿಲ್, ಇಬ್ಬರು ಇಬ್ರಾಹಿಮರು, ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್. ‘ಕಿತಾಬ್-ಎ-ನೌರಸ್’ ಬರೆದ ಎರಡನೆಯ ಇಬ್ರಾಹಿಮನನ್ನು (ಆಳ್ವಿಕೆ 1580–1627) ಜನ ‘ಜಗದ್ಗುರು ಬಾದಶಹಾ’ ಎಂದರು. ತಾಳೀಕೋಟೆಯ ಯುದ್ಧದ ನಂತರ ಬಂಕಾಪುರದ ಕೋಟೆ ಬಿಜಾಪುರದ ಕೈ ಸೇರಿದಾಗ ಈ ಹೆಸರುಗಳು ಸನದು, ನಾಣ್ಯಗಳ ಮೇಲೆ ಇಲ್ಲಿಗೆ ಬಂದವು. 1686ರಲ್ಲಿ ಬಿಜಾಪುರ ಬಿದ್ದ ಮೇಲೆ ಔರಂಗಜೇಬನಿಂದ ಜಹಗೀರು ಪಡೆದ ಅಬ್ದುಲ್ ರವೂಫ್ ಖಾನನ ಮನೆತನ ಸವಣೂರಿನಲ್ಲಿ ನೆಲೆಯೂರಿ, 1948ರಲ್ಲಿ ಸಂಸ್ಥಾನ ಭಾರತದಲ್ಲಿ ಸೇರುವವರೆಗೂ ಆಳಿತು. ಈ ನವಾಬರಲ್ಲಿ ಎದ್ದು ಕಾಣುವುದು ‘ಅಬ್ದುಲ್’: ರವೂಫ್, ಹಕೀಮ್, ಮಜೀದ್, ಎಲ್ಲ ದೇವರ ಗುಣನಾಮಗಳು, ಅಬ್ದುಲ್ ಎಂದರೆ ದಾಸ.

ಇನ್ನೊಂದು ದಾರಿ ದರ್ಗಾದ್ದು, ಹರಕೆಯದು. ಶಿಗ್ಗಾವಿ ತಾಲೂಕಿನ ಶಿಶುನಾಳದ ಇಮಾಮ ಸಾಹೇಬರು, ಹಜ್ಜೂಮಾ ದಂಪತಿ ಹುಲಗೂರಿನ ಖಾದರಶಾವಲಿಗೆ ಹರಕೆ ಹೊತ್ತು ಮಗನನ್ನು ಪಡೆದರೆಂದು ಈ ಸೀಮೆಯ ನಂಬಿಕೆ. 1819ರಲ್ಲಿ ಹುಟ್ಟಿದ ಆ ಮಗನ ಹೆಸರು ಮಹಮ್ಮದ ಷರೀಫ. ಹೆಸರಿನ ಮೊದಲರ್ಧ ಪೈಗಂಬರರದು, ಉಳಿದರ್ಧ ‘ಕುಲೀನ’ ಎಂಬ ಗುಣವಾಚಕ. ನಾಡು ಉಳಿಸಿಕೊಂಡದ್ದು ಉಳಿದರ್ಧವನ್ನು: ಶಿಶುನಾಳ ಷರೀಫ. ಆ ದಂಪತಿ ಹರಕೆ ಹೊತ್ತಿದ್ದ ಖಾದರಶಾವಲಿ ಜನರ ಬಾಯಲ್ಲಿ ‘ಖಾದರಲಿಂಗ’ನಾದ.

ಇಲ್ಲಿ ಗಮನಿಸಬೇಕಾದ್ದೊಂದಿದೆ. ಮೊಹರಮ್ಮಿನ ಅಲಾಯಿ ದೇವರಿಗೆ, ದರ್ಗಾಕ್ಕೆ ಹರಕೆ ಹೊತ್ತ ಹಿಂದೂ ಮನೆಗಳಲ್ಲಿ ಹುಸೇನಪ್ಪ, ಹುಸೇನಮ್ಮ, ಫಕೀರಪ್ಪ, ಫಕೀರವ್ವ, ಮೌಲಪ್ಪ ಇದ್ದಾರೆ. ಇಬ್ರಾಹಿಮಪ್ಪನಾಗಲಿ ಯೂಸುಫಪ್ಪನಾಗಲಿ ನನ್ನ ಕಿವಿಗೆ ಬಿದ್ದಿಲ್ಲ. ಹುಸೇನರು, ಫಕೀರರು, ಮೌಲಾ ಊರ ದೇವರ ಸಾಲಿಗೆ ಬಂದು ಕೂತರು; ಮಕ್ಕಳನ್ನು ಕೊಟ್ಟರು, ಹೆಸರನ್ನೂ ಕೊಟ್ಟರು. ಪೈಗಂಬರರ ಹೆಸರುಗಳು ಗ್ರಂಥದಿಂದ, ಮನೆತನದಿಂದ ಬಂದವು. ಅವು ಸಮುದಾಯದೊಳಗೇ ಉಳಿದವು. ಅದೂ ಕೆಲವು ಸಲ ಬಿರುದಿನ ಮರೆಯಲ್ಲಿ. ಕರ್ನಾಟಕದಲ್ಲಿ ಧಾರಾಳವಾಗಿ ಸಿಗುವ ಖಲೀಲುಲ್ಲಾ ‘ದೇವರ ಗೆಳೆಯ’ ಇಬ್ರಾಹೀಮರ ಬಿರುದು; ಕಲೀಮುಲ್ಲಾ ದೇವರೊಡನೆ ಮಾತಾಡಿದ ಮೂಸಾ ಅವರದು; ಸಫೀವುಲ್ಲಾ ಆದಮರದು; ರೂಹುಲ್ಲಾ ಈಸಾ ಅವರದು; ಜಬೀವುಲ್ಲಾ, ಬಲಿಗೆ ಒಪ್ಪಿಸಿಕೊಂಡ ಇಸ್ಮಾಯಿಲರದು. ಮುಸ್ತಫಾ, ಆಯ್ದವರು, ಪೈಗಂಬರ ಮುಹಮ್ಮದರದು.

ಸವಣೂರಿಗೆ ಹೋದವರು ದೊಡ್ಡಹುಣಸೆ ಮಠದ ಆವರಣದಲ್ಲಿ ಮೂರು ಭಾರಿ ಮರಗಳನ್ನು ನೋಡಿರುತ್ತಾರೆ. ಆಫ್ರಿಕಾದ ಬಾವೋಬಾಬ್ ಅದು. ಊರವರು ಅದರ ಮೂಲದ ಹೆಸರನ್ನು ಕೇಳಲೇ ಇಲ್ಲ, ‘ದೊಡ್ಡಹುಣಸೆ’ ಎಂದು ಕರೆದು ಮುಗಿಸಿದರು. ಮನುಷ್ಯರ ಹೆಸರಿನ ವಿಷಯದಲ್ಲಿ ಹೀಗೆ ಮಾಡಲು ಬರುವುದಿಲ್ಲ. ಹೆಸರನ್ನು ಹಾಗೇ ಇಟ್ಟುಕೊಳ್ಳಬೇಕು, ಆದರೆ ಬಾಯಿಗೆ ಒಗ್ಗಬೇಕು. ನಮ್ಮ ಕಡೆ ಮೊದಲು ಸವೆದದ್ದು ಹಕಾರ: ಮೆಹಬೂಬ ಮಾಬು ಆದ, ಮೊಹಿದ್ದೀನ ಮೋದಿನ ಆದ, ಇಬ್ರಾಹಿಮಸಾಬ ಮಾತಿನಲ್ಲಿ ಇಬ್ರಾಮಸಾಬ. ಫಕಾರ ಪಕಾರವಾಗಿ ಯೂಸುಫ ಯೂಸುಪ. ಕರಾವಳಿಯಲ್ಲಿ, ಕಾಸರಗೋಡಿನ ಕಡೆ, ಹೆಸರಿನ ಹಿಂದೆ ಸಾಬನ ಬದಲು ‘ಕುಂಞಿ’ ಬರುತ್ತದೆ. ಕುಂಞಿ ಎಂದರೆ ಚಿಕ್ಕವನು, ಮಗು. ಅದೇ ಮುಹಮ್ಮದ್ ಬಯಲುಸೀಮೆಯಲ್ಲಿ ಸಾಬನಾಗಿ ಹಿರಿತನ ಪಡೆದರೆ ಸಮುದ್ರದ ದಂಡೆಯಲ್ಲಿ ಕುಂಞಿಯಾಗಿ ಮುದ್ದು ಪಡೆದ.

ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ಹೆಸರಿನ ತುದಿಯಲ್ಲಿ ಆಯಿತು. ಹೊಸಗನ್ನಡಕ್ಕೆ ಸ್ವರದಲ್ಲಿ ಮುಗಿಯುವ ಪದವೇ ಒಗ್ಗುವುದು. ಇಬ್ರಾಹೀಮ್ ‘ಇಬ್ರಾಹಿಮ’ನಾದ, ದಾವೂದ್ ‘ದಾವೂದ’ನಾದ, ಷರೀಫ್ ‘ಷರೀಫ’ನಾದ. ಆ ಒಂದು ಅಕಾರ ಬಂದು ಕೂತದ್ದೇ ತಡ, ಹಿಂದೆಯೇ ನಕಾರ ಬಂತು, ನಕಾರದ ಬೆನ್ನಿಗೆ ಪ್ರತ್ಯಯಗಳೆಲ್ಲ ಬಂದವು. ಇಬ್ರಾಮಸಾಬನ್ನ ಕರಿ, ಇಬ್ರಾಮಸಾಬಗ ಹೇಳು, ಇಬ್ರಾಮಸಾಬನಿಂದ ಇಸ್ಕೊ, ಇಬ್ರಾಮಸಾಬನ ಹೊಲ, ಇಬ್ರಾಮಸಾಬನಲ್ಲಿ ಕೇಳು. ಕಲ್ಲಪ್ಪನಿಗೂ ಬಸಪ್ಪನಿಗೂ ಸಲ್ಲುವ ವಿಭಕ್ತಿಗಳೇ ಇವನಿಗೂ ಸಲ್ಲುತ್ತವೆ. ಪರಭಾಷೆಯ ಹೆಸರೆಂದು ಕನ್ನಡ ಒಂದು ಪ್ರತ್ಯಯವನ್ನೂ ಹಿಂದೆ ಹಿಡಿದಿಲ್ಲ.

ಜವಾಲೀಕಿ ಮತ್ತು ಜಮಖ್ಶರಿಯ ವ್ಯಾಕರಣದಲ್ಲಿ ಇಬ್ರಾಹೀಮ್ ಎರಡೇ ರೂಪದ ಹೆಸರು. ಅರಬ್ಬಿಯಲ್ಲಿ ಶತಮಾನಗಟ್ಟಲೆ ಇದ್ದರೂ ಅವನು ಹೊರಗಿನಿಂದ ಬಂದವನೆಂಬುದನ್ನು ವಿಭಕ್ತಿ ಮರೆಯಲಿಲ್ಲ. ಕನ್ನಡದಲ್ಲಿ ಆ ಗುರುತು ಹಿಡಿಯುವ ದಾರಿಯೇ ಇಲ್ಲ. ಪ್ರಥಮೆಯಿಂದ ಸಪ್ತಮಿಯವರೆಗೆ ಏಳೂ ವಿಭಕ್ತಿಯಲ್ಲಿ ಓಡಾಡುವ ಇಬ್ರಾಹಿಮನನ್ನು ವ್ಯಾಕರಣದ ಕಣ್ಣಿನಿಂದ ನೋಡಿದರೆ ಅವನು ಈ ಊರಿನವನು.